ಓದುಗರ ಪ್ರಶ್ನೆ: ಫೈನಲ್ ಫ್ಯಾಂಟಸಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

1987ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ಮೇಲೆ ಶುರುವಾದ ಜಪಾನಿನ ವಿಡಿಯೊ ಗೇಮ್ ಸರಣಿ ಫೈನಲ್ ಫ್ಯಾಂಟಸಿಯ ಮುಖ್ಯ ಆಟಗಳು 2023ರ ಹೊತ್ತಿಗೆ 16 ಆದವು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇವೆ. ಕಥೆಯ ಗುಟ್ಟು ಅಲ್ಲಲ್ಲಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಆಡದವರು ನೋಡಿಕೊಂಡು ಓದಿ.

ಸುತ್ತಿ ಬಳಸಿ ಹೇಳಬೇಡಿ. ಸರಣಿಯಲ್ಲಿ ಅತಿ ಒಳ್ಳೆಯದು ಯಾವುದು, ಅತಿ ಕೆಟ್ಟದ್ದು ಯಾವುದು?

ಒಳ್ಳೆಯದು 1994ರ 6ನೇ ಭಾಗ. ಕೆಟ್ಟದ್ದು 2010ರಲ್ಲಿ ಬಂದ 14ನೇ ಭಾಗದ ಮೊದಲ ರೂಪ. ಸಂಖ್ಯೆಯಿಲ್ಲದ ಉಪ ಆಟಗಳನ್ನೂ ಲೆಕ್ಕಕ್ಕೆ ಹಿಡಿದರೆ 2013ರ ಮೊಬೈಲ್ ಆಟ 'ಆಲ್ ದ ಬ್ರೇವೆಸ್ಟ್' ತಳದಲ್ಲಿ ಒಂಟಿಯಾಗಿ ಕೂತಿದೆ. ಅದರಲ್ಲಿ ಪರದೆಯ ಮೇಲೆ ಬೆರಳು ಉಜ್ಜುವುದು ಬಿಟ್ಟು ಬೇರೆ ಕೆಲಸವಿಲ್ಲ. ಒಂದೇ ಏಟಿಗೆ ಒಬ್ಬ ಬೀಳುತ್ತಾನೆ, ಮೂರು ನಿಮಿಷಕ್ಕೊಬ್ಬ ಏಳುತ್ತಾನೆ, ಕಾಯುವ ತಾಳ್ಮೆ ಇಲ್ಲದವರು ದುಡ್ಡು ಬಿಚ್ಚಬೇಕು. ಹಳೆಯ ಆಟಗಳ ಹೆಸರಾಂತ ಪಾತ್ರಗಳೂ ಮಾರಾಟಕ್ಕಿದ್ದವು. ಆದರೆ 35 ಮಂದಿಯಲ್ಲಿ ಯಾರು ಕೈಗೆ ಬರುತ್ತಾರೆಂಬುದು ದುಡ್ಡು ಕೊಟ್ಟ ಮೇಲೂ ಅದೃಷ್ಟದ ಮಾತು.

ನಮ್ಮ ಅಳತೆಗೋಲನ್ನೂ ಹೇಳಿಬಿಡುತ್ತೇವೆ. ಆಟ ಯಾವ ಕೆಲಸಕ್ಕೆ ಬಹುಮಾನ ಕೊಡುತ್ತದೋ ಆಟಗಾರ ಅದನ್ನೇ ಮಾಡುತ್ತಾನೆ. ಆ ಕೆಲಸ ಬೇಸರದ್ದಾಗಿದ್ದರೆ ಕಥೆ ಎಷ್ಟೇ ಚೆನ್ನಾಗಿರಲಿ, ಹದಿನೈದನೇ ಗಂಟೆಗೆ ಕೈ ಸೋಲುತ್ತದೆ. ಸಂಗೀತವನ್ನು ತಕ್ಕಡಿಗೆ ಹಾಕಿಲ್ಲ. 14ರ ಮೊದಲ ರೂಪಕ್ಕೂ ಸಂಗೀತ ಕೊಟ್ಟವರು ಸರಣಿಯ ಹಳೆಯ ಸಂಗೀತಗಾರ ನೊಬುವೊ ಉಎಮಾತ್ಸು ಅವರೇ, ಅದರಿಂದ ಆಟವೇನೂ ಉಳಿಯಲಿಲ್ಲ.

6ರ ಹಳೆಯ ಆವೃತ್ತಿಯಲ್ಲಿ ಬಗ್‌ಗಳು ತುಂಬಿದ್ದವು ಅನ್ನುತ್ತಾರೆ. ಹಾಗಿದ್ದೂ ಮೊದಲ ಸ್ಥಾನ ಯಾಕೆ?

ಬಗ್ ಇದ್ದದ್ದು ನಿಜ, ಸಣ್ಣವೂ ಅಲ್ಲ. ಸೂಪರ್ ಫ್ಯಾಮಿಕಾಮ್ ಆವೃತ್ತಿಯಲ್ಲಿ 'ಎವೇಡ್' (ಏಟು ತಪ್ಪಿಸುವ ಸಾಮರ್ಥ್ಯ) ಎಂಬ ಅಂಕಿ ಲೆಕ್ಕಕ್ಕೇ ಬರುವುದಿಲ್ಲ. ಕತ್ತಿಯ ಏಟನ್ನೂ ಮ್ಯಾಜಿಕ್ಕನ್ನೂ ತಪ್ಪಿಸುವುದು 'ಮ್ಯಾಜಿಕ್ ಎವೇಡ್' ಅಂಕಿಯೊಂದೇ. ಎವೇಡ್ ನೋಡಿ ಗುರಾಣಿ ಆರಿಸಿದವರ ಶ್ರಮವೆಲ್ಲ ನೀರಲ್ಲಿ ಹೋಮ. ಇನ್ನೊಂದು ಇದಕ್ಕಿಂತ ತಮಾಷೆಯದು. ಶತ್ರುವಿನ ಮೇಲೆ ಮೊದಲು ಮಾಯ ಮಾಡುವ ವ್ಯಾನಿಶ್, ಆಮೇಲೆ ಸಾವಿನ ಮಂತ್ರ ಡೂಮ್ ಹಾಕಿದರೆ ಬಾಸ್‌ಗಳೂ (ದೊಡ್ಡ ಶತ್ರುಗಳೂ) ಸಾಯುತ್ತವೆ. ಮಾಯವಾದವರಿಗೆ ಮ್ಯಾಜಿಕ್ ತಪ್ಪದೆ ತಗಲಬೇಕೆಂಬ ನಿಯಮವನ್ನು ಆಟ ಮೊದಲು ನೋಡುತ್ತದೆ, ಸಾವಿನ ಮಂತ್ರ ನಾಟದು ಎಂಬ ರಕ್ಷಣೆಯನ್ನು ಪರೀಕ್ಷಿಸುವುದೇ ಇಲ್ಲ. ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ಎರಡನ್ನೂ ಸರಿಪಡಿಸಿದರು.

ಆದರೂ ಮೊದಲ ಸ್ಥಾನ, ಏಕೆಂದರೆ ಆಟದ ಎರಡನೇ ಅರ್ಧ. ಲೋಕ ಹಾಳಾದ ಮೇಲೆ ನಮ್ಮ ತಂಡದ ಸೆಲೆಸ್, ಎಡ್ಗರ್, ಸೆಟ್ಜರ್ ಮೂವರು ಸೇರಿ ಹಾರುಹಡಗು ಸಿಕ್ಕಿತೆಂದರೆ ನೇರವಾಗಿ ಕೊನೆಯ ಗೋಪುರಕ್ಕೇ ನುಗ್ಗಬಹುದು. ಉಳಿದವರನ್ನು ಹುಡುಕುವುದು, ಬಿಡುವುದು ನಿಮಗೆ ಬಿಟ್ಟದ್ದು. ಗೋಪುರದಲ್ಲಿ ತಂಡವನ್ನು ಮೂರಾಗಿ ಒಡೆಯಬೇಕಾಗುತ್ತದೆ, ಹಾಗಾಗಿ ನಾಲ್ವರನ್ನೇ ಬೆಳೆಸಿ ಉಳಿದವರನ್ನು ಮೂಲೆಗೆ ಕೂರಿಸಿದವರಿಗೆ ಅಲ್ಲಿ ಪಾಠ ಕಾದಿದೆ. ಅಂದರೆ ಹುಡುಕಾಟಕ್ಕೆ ಬಹುಮಾನ ಕಥೆಯಲ್ಲೂ ಇದೆ, ಯುದ್ಧದಲ್ಲೂ ಇದೆ.

ಒಂದು ಸಣ್ಣ ದೃಶ್ಯ ನೋಡಿ. ದ್ವೀಪದಲ್ಲಿ ಕಾಯಿಲೆ ಬಿದ್ದ ವಿಜ್ಞಾನಿ ಸಿದ್‌ಗೆ ಸೆಲೆಸ್ ಮೀನು ಹಿಡಿದು ತಿನ್ನಿಸಬೇಕು. ವೇಗವಾಗಿ ಈಜುವ ಮೀನು ಒಳ್ಳೆಯದು, ಕಾಲೆಳೆಯುತ್ತಾ ಈಜುವುದು ಕೆಟ್ಟದ್ದು. ಆಟ ಇದನ್ನು ನೇರವಾಗಿ ಹೇಳುವುದಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದರೆ ಸಿದ್ ಸಾಯುತ್ತಾರೆ. ಆಗಲೂ ಕಥೆ ನಿಲ್ಲುವುದಿಲ್ಲ, ಇನ್ನೊಂದು ದಾರಿ ಹಿಡಿಯುತ್ತದೆ.

ಆಡುವವರಿಗೆ ಎರಡು ಎಚ್ಚರಿಕೆ. ಜೋಜೋ ಊರು ಮುಗಿಯುವ ಮೊದಲು ಲೆವೆಲ್ ಏರಿಸಲು ಹೋಗಬೇಡಿ. ಎಸ್ಪರ್ (ಮಂತ್ರ ಕಲಿಸುವ ಮಾಂತ್ರಿಕ ಜೀವಿ) ತೊಟ್ಟಿದ್ದಾಗ ಲೆವೆಲ್ ಏರಿದರೆ ಮಾತ್ರ ಅದರ ಹೆಚ್ಚುವರಿ ಅಂಕ ಸಿಗುತ್ತದೆ, ಎಸ್ಪರ್‌ಗಳು ಕೈಗೆ ಬರುವುದೇ ಅಲ್ಲಿಂದ. ಎರಡನೆಯದು ತಂಡದ ನಿಂಜಾ ಶ್ಯಾಡೋ. ತೇಲುವ ಖಂಡದಿಂದ ಜಿಗಿಯುವ ಮುಂಚೆ 'ಕಾಯೋಣ' ಆರಿಸಿ, ಗಡಿಯಾರ ಕೊನೆಯ ಐದು ಸೆಕೆಂಡಿಗೆ ಬರುವವರೆಗೆ ಅಲ್ಲಾಡದೆ ನಿಲ್ಲಿ. ಮೊದಲೇ ಜಿಗಿದರೆ ಅವನು ಮತ್ತೆ ಸಿಗುವುದಿಲ್ಲ.

ಕೊರತೆ ಇಲ್ಲವೇ? ಇದೆ. ಕೊನೆಕೊನೆಗೆ ಹೆಚ್ಚುಕಡಿಮೆ ಎಲ್ಲರೂ ಎಲ್ಲ ಮಂತ್ರ ಕಲಿತು ಒಂದೇ ಅಚ್ಚಿನ ಗೊಂಬೆಗಳಾಗುತ್ತಾರೆ. ಎಸ್ಪರ್‌ಗಳನ್ನು ಒಬ್ಬೊಬ್ಬರಿಗೇ ಮೀಸಲಿಟ್ಟು ಆಡಿ, ಯುದ್ಧಕ್ಕೆ ಖಾರ ಬರುತ್ತದೆ.

2ರಲ್ಲಿ ನಮ್ಮವರನ್ನೇ ನಾವು ಹೊಡೆದು ಬೆಳೆಸಬೇಕಂತೆ, ಹೌದಾ?

ಬೇಕಿಲ್ಲ. ಆದರೆ ಹಾಗೆ ಮಾಡಿದರೆ ಲಾಭ ಎಂದು ನಿಯಮವೇ ಕಣ್ಣು ಹೊಡೆಯುತ್ತದೆ, ಅದೇ ಅದರ ಜಾಡ್ಯ. 1988ರ ಈ ಆಟದಲ್ಲಿ ಲೆವೆಲ್ ಇಲ್ಲ. ಕತ್ತಿ ಬೀಸಿದರೆ ಕತ್ತಿ ವಿದ್ಯೆ, ಮಂತ್ರ ಹಾಕಿದರೆ ಮಂತ್ರ, ಏಟು ತಿಂದರೆ ಎಚ್‌ಪಿ (ಜೀವಬಲದ ಅಂಕ) ಬೆಳೆಯುತ್ತದೆ. ಕೇಳಲು ಸೊಗಸಾದ ಯೋಚನೆ. ಆದರೆ ದುರ್ಬಲ ಶತ್ರುಗಳು ಹೊಡೆದರೆ ಎಚ್‌ಪಿ ಇಳಿಯುವುದಿಲ್ಲ, ಇಳಿಯದಿದ್ದರೆ ಬೆಳೆಯುವುದಿಲ್ಲ. ಆಗ ಆಟಗಾರನಿಗೆ ತೋಚುವ ಉಪಾಯ ಗೆಳೆಯನ ಬೆನ್ನಿಗೆ ಕತ್ತಿ. ಫ್ಯಾಮಿಕಾಮ್ ಆವೃತ್ತಿಯಲ್ಲಂತೂ ಆಜ್ಞೆ ಆರಿಸಿ ರದ್ದು ಮಾಡಿದರೂ ಅದನ್ನು ಬಳಸಿದ ಲೆಕ್ಕಕ್ಕೆ ಹಿಡಿಯುತ್ತಿತ್ತು. ಒತ್ತು, ರದ್ದು ಮಾಡು, ಒತ್ತು, ರದ್ದು ಮಾಡು: ಇದನ್ನು ಆಟ ಎನ್ನಬೇಕೋ ಟೈಪಿಂಗ್ ಅಭ್ಯಾಸ ಎನ್ನಬೇಕೋ! ಸಾಲದ್ದಕ್ಕೆ ಒಂದು ಅಂಕಿ ಏರಿದರೆ ಇನ್ನೊಂದು ಇಳಿಯುವ ಸಾಧ್ಯತೆಯೂ ಇತ್ತು.

ಎಚ್‌ಪಿಯ ಬೆನ್ನು ಬಿದ್ದವರು ನಿಜವಾದ ಗುಟ್ಟನ್ನೇ ಕಳೆದುಕೊಳ್ಳುತ್ತಾರೆ. ಈ ಆಟದಲ್ಲಿ ಜೀವ ಉಳಿಸುವುದು ಎವೇಷನ್, ಅಂದರೆ ಏಟು ತಪ್ಪಿಸಿಕೊಳ್ಳುವ ಸಾಮರ್ಥ್ಯ. ಶುರುವಿನಲ್ಲೇ ಎಲ್ಲರಿಗೂ ಗುರಾಣಿ ಕೊಡಿ, ಒಂದಿಷ್ಟು ಹೊತ್ತು ಎರಡೂ ಕೈಗೆ ಗುರಾಣಿ ಹಿಡಿಸಿ ದುರ್ಬಲ ಶತ್ರುಗಳ ಗುಂಪಿನೆದುರು ನಿಲ್ಲಿಸಿ. ಭಾರದ ಕವಚ ಬೇಡ, ಅದು ಎವೇಷನ್ನನ್ನೂ ಮ್ಯಾಜಿಕ್ಕನ್ನೂ ತಿನ್ನುತ್ತದೆ. ಎವೇಷನ್ ಶೇಕಡಾ ಹೆಚ್ಚಿದ್ದಷ್ಟೂ ಅಜಿಲಿಟಿ (ಚುರುಕುತನ) ಏರುವ ಅವಕಾಶವೂ ಹೆಚ್ಚು. ಕೊನೆಯ ಶತ್ರುಗಳ ಏಟು ಎಚ್‌ಪಿಯನ್ನು ಪಾಲು ಲೆಕ್ಕದಲ್ಲಿ ಹೀರುತ್ತದೆ, 5000 ಎಚ್‌ಪಿ ಇದ್ದವನಿಗೂ ಅದೇ ಗತಿ. ತಗಲದಂತೆ ನೋಡಿಕೊಂಡವನೇ ಬುದ್ಧಿವಂತ. ಬ್ಲಡ್ ಸ್ವೋರ್ಡ್ ಸಿಕ್ಕರೆ ಮಾರಬೇಡಿ. ಅದೂ ಪಾಲು ಲೆಕ್ಕದಲ್ಲೇ ಹೀರುವ ಕತ್ತಿ, ತಗಲಿದ ಒಂದೊಂದು ಏಟಿಗೂ ಹದಿನಾರನೇ ಒಂದು ಪಾಲು. ಕೊನೆಯ ಬಾಸ್ ಆದ ಚಕ್ರವರ್ತಿ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗುಹೆಗಳಲ್ಲಿ ಸಾಲು ಬಾಗಿಲು ಕಂಡರೆ ಎಲ್ಲವನ್ನೂ ತೆರೆಯುವ ಆಸೆ ಬಿಡಿ. ಬಹುಪಾಲು ಖಾಲಿ ಕೋಣೆಗಳು. ಒಳಹೊಕ್ಕರೆ ಕೋಣೆಯ ನಡುವೆ ನಿಂತಿರುತ್ತೀರಿ, ಬಾಗಿಲಿಗೆ ವಾಪಸು ಬರುವಷ್ಟರಲ್ಲಿ ಎರಡು ಮೂರು ಯುದ್ಧ.

ಸರ್, 8ನ್ನು ಮೂರನೇ ಸಲ ಅರ್ಧಕ್ಕೆ ಬಿಟ್ಟೆ. ಒಬ್ಬೊಬ್ಬ ಶತ್ರುವಿನಿಂದಲೂ ಮ್ಯಾಜಿಕ್ ಡ್ರಾ ಮಾಡಿ (ಎಳೆದುಕೊಂಡು) ನೂರು ತುಂಬಿಸುವಷ್ಟರಲ್ಲಿ ನಿದ್ದೆ ಬರುತ್ತದೆ. ಲೆವೆಲ್ ಏರಿಸಿದರೆ ಶತ್ರುಗಳೂ ಏರುತ್ತಾರೆ. ಇದು ಕೆಟ್ಟ ಆಟವೋ, ನನಗೆ ಆಡಲು ಬರುವುದಿಲ್ಲವೋ?

ಆಟಕ್ಕೆ ಹೇಳಿಕೊಡಲು ಬರುವುದಿಲ್ಲ. 1999ರ ಈ ಭಾಗದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ನಿಯಮಗಳಿವೆ. ಶತ್ರುವಿನ ಲೆವೆಲ್ ನಿಮ್ಮ ತಂಡದ ಸರಾಸರಿ ಲೆವೆಲ್ಲಿನ ಜೊತೆಗೇ ಏರುತ್ತದೆ. ನಿಮ್ಮ ಬಲ ಬರುವುದು ಮುಖ್ಯವಾಗಿ ಲೆವೆಲ್ಲಿನಿಂದಲ್ಲ, ಜಂಕ್ಷನ್ ಮಾಡಿದ, ಅಂದರೆ ಪಾತ್ರದ ಅಂಕಿಗಳಿಗೆ ಜೋಡಿಸಿದ ಮ್ಯಾಜಿಕ್ಕಿನಿಂದ. ಜಂಕ್ಷನ್ ಆದ ಮ್ಯಾಜಿಕ್ ಬಳಸಿದರೆ ದಾಸ್ತಾನು ಕರಗಿ ಬಲವೂ ಇಳಿಯುತ್ತದೆ. ಹೀಗಾಗಿ ಬೇರೆ ಆಟಗಳಲ್ಲಿ ಕಲಿತ ಪಾಠ, ಅಂದರೆ ಶತ್ರುಗಳನ್ನು ಕೊಲ್ಲು, ಲೆವೆಲ್ ಏರಿಸು, ಮಂತ್ರ ಹಾಕು ಎಂಬುದು ಇಲ್ಲಿ ಪೂರ್ತಿ ತಿರುಗುಮುರುಗು. ನೀವು ಸೋತದ್ದು ಚೆನ್ನಾಗಿ ಆಡಿದ್ದಕ್ಕೆ!

ನಾಲ್ಕನೇ ಸಲಕ್ಕೆ ಹೀಗೆ ಮಾಡಿ. ಶುರುವಿನಲ್ಲೇ ಕ್ವೆಜಾಕೋಟಲ್ ಎಂಬ ನೆರವಿನ ಜೀವಿಗೆ 'ಕಾರ್ಡ್' ಎಂಬ ವಿದ್ಯೆ ಕಲಿಸಿ. ಶತ್ರುವಿನ ಎಚ್‌ಪಿಯನ್ನು ಕೊನೆಯ ಹನಿಯವರೆಗೆ ಇಳಿಸಿ, ಕೊಲ್ಲದೆ ಕಾರ್ಡ್ ಪ್ರಯೋಗಿಸಿ. ಅದು ಕಾರ್ಡಾಗಿ ಕೈಗೆ ಬರುತ್ತದೆ, ಎಪಿ (ವಿದ್ಯೆ ಕಲಿಸುವ ಅಂಕ) ಸಿಗುತ್ತದೆ, ಎಕ್ಸ್‌ಪಿ (ಲೆವೆಲ್ ಏರಿಸುವ ಅಂಕ) ಸಿಗುವುದಿಲ್ಲ. ಎಚ್‌ಪಿ ಹೆಚ್ಚಿದ್ದಾಗ ಪ್ರಯತ್ನಿಸಿದರೆ ಸಾಲುಸಾಲಾಗಿ ವಿಫಲವಾಗುತ್ತದೆ, ಬಹಳ ಜನ ಇದನ್ನು ಕೈಬಿಡುವುದು ಅಲ್ಲೇ. ಪ್ರತಿ 1000 ಎಕ್ಸ್‌ಪಿಗೆ ಒಂದು ಲೆವೆಲ್ ಎಂಬ ಲೆಕ್ಕ ಆರಂಭದಿಂದ ಕೊನೆಯವರೆಗೂ ಬದಲಾಗದು, ಆದ್ದರಿಂದ ಕೊಲ್ಲುತ್ತಾ ಹೋದರೆ ಏರಿಕೆ ತಡೆಯಲಾಗದು. ಬಾಸ್‌ಗಳಿಂದ ಎಕ್ಸ್‌ಪಿ ಬರುವುದಿಲ್ಲ, ಅವರನ್ನು ನಿಶ್ಚಿಂತೆಯಿಂದ ಹೊಡೆಯಿರಿ.

ಮುಂದೆ ಡಾಲೆಟ್ ಗೋಪುರದಲ್ಲಿ ಎಲ್ವೊರೆಟ್ ಬಾಸ್‌ನಿಂದ ಇನ್ನೊಂದು ನೆರವಿನ ಜೀವಿ ಸೈರನ್‌ಳನ್ನು ಡ್ರಾ ಮಾಡುವುದನ್ನು ಮರೆಯಬೇಡಿ. ವಸ್ತುವನ್ನು ಮಂತ್ರವಾಗಿಸುವ ಅವಳ 'ಎಲ್ ಮ್ಯಾಗ್-ಆರ್‌ಎಫ್' ಕಲಿತರೆ ಒಂದು ಟೆಂಟ್ 10 ಕ್ಯುರಾಗ (ಗುಣಪಡಿಸುವ ಮಂತ್ರ) ಆಗುತ್ತದೆ. ಹತ್ತು ಟೆಂಟ್ ಕೊಂಡರೆ ನೂರು ಕ್ಯುರಾಗ. ಎಚ್‌ಪಿಗೆ ಜಂಕ್ಷನ್ ಮಾಡಿದರೆ 2200 ಹೆಚ್ಚುವರಿ. ಆಟ ಶುರುವಾಗಿ ಕೆಲವೇ ಗಂಟೆ, ಒಂದೇ ಒಂದು ಡ್ರಾ ಇಲ್ಲ. ಏಟಿನ ಬಲಕ್ಕೆ ಟಾರ್ನೇಡೋ ಮಂತ್ರ: ಅಬಿಸ್ ವರ್ಮ್ ಕಾರ್ಡನ್ನು 'ಕಾರ್ಡ್ ಮಾಡ್'ನಿಂದ ವಿಂಡ್‌ಮಿಲ್ ಮಾಡಿ, ಒಂದು ವಿಂಡ್‌ಮಿಲ್‌ಗೆ 'ಟಿ ಮ್ಯಾಗ್-ಆರ್‌ಎಫ್' 20 ಟಾರ್ನೇಡೋ ಕೊಡುತ್ತದೆ, ಐದು ಸಿಕ್ಕರೆ ಒಬ್ಬರಿಗೆ ಭರ್ತಿ. ಇನ್ನು ಈ ಆಟದ ಸಿದ್ (6ರವರಲ್ಲ, ಶಾಲೆಯ ಮುಖ್ಯಸ್ಥ) ಕೊಡುವ ಮಾಂತ್ರಿಕ ದೀಪ. ಸೇವ್ ಮಾಡಿ ಆಮೇಲೆ ಉಜ್ಜಿ, ಡಯಾಬ್ಲೋಸ್ ಹೊರಬರುತ್ತಾನೆ. ಅವನ ಕಣ್ಣು ಕುರುಡು ಮಾಡಿದರೆ ಕೈ ಏಟು ಗಾಳಿಗೆ ಹೋಗುತ್ತದೆ. ಗೆದ್ದ ಮೇಲೆ ಅವನಿಗೆ 'ಎನ್‌ಕ್-ನನ್' ಕಲಿಸಿದರೆ ದಾರಿಯಲ್ಲಿ ಶತ್ರುಗಳೇ ಎದುರಾಗುವುದಿಲ್ಲ.

ನಮ್ಮ ಪಟ್ಟಿಯಲ್ಲಿ 8ಕ್ಕೆ ನಡುವಿನ ಜಾಗ. ಒಳಗಿನ ಯಂತ್ರ ಸರಣಿಯಲ್ಲೇ ಜಾಣತನದ್ದು. ಆದರೆ ಯುದ್ಧ ತಪ್ಪಿಸಿಕೊಂಡವನಿಗೆ ಬಹುಮಾನ ಕೊಡುವ ಯುದ್ಧದ ಆಟ ಅದು.

13 ಇಪ್ಪತ್ತು ಗಂಟೆ ಕಳೆದ ಮೇಲೆ ಚೆನ್ನಾಗಿದೆಯಂತೆ. ಅಷ್ಟು ಹೊತ್ತು ಕಾಯಬೇಕೇ?

ಕಾಯಬೇಕು, ಅದನ್ನು ಸಮರ್ಥಿಸಲು ನಮ್ಮಿಂದಾಗದು. ಇರುವ 13 ಅಧ್ಯಾಯಗಳಲ್ಲಿ ಮೊದಲ ಹತ್ತು ಬಹುತೇಕ ನೇರ ಓಣಿ. 11ನೆಯದರಲ್ಲಿ ಗ್ರಾನ್ ಪಲ್ಸ್ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಪಾತ್ರಗಳನ್ನು ಬೆಳೆಸುವ ಕ್ರಿಸ್ಟೇರಿಯಮ್ಮಿಗೂ ಬೇಲಿ: ಬಾಸ್ ಸೋಲದೆ ಮುಂದಿನ ಹಂತ ತೆರೆಯದು, ಆದ್ದರಿಂದ ಹೆಚ್ಚು ಹೋರಾಡಿದವನಿಗೂ ವಿಶೇಷ ಲಾಭವಿಲ್ಲ.

ಯುದ್ಧ ಮಾತ್ರ ಗಟ್ಟಿ. 'ಆಟೋ-ಬ್ಯಾಟಲ್ ಒತ್ತುತ್ತಾ ಕೂರುವ ಆಟ' ಎಂದವರು ಚೈನ್ ಗೇಜ್ (ತುಂಬಿದರೆ ಶತ್ರು ತತ್ತರಿಸುವ, ಅಂದರೆ ಸ್ಟ್ಯಾಗರ್ ಆಗುವ ಅಳತೆಪಟ್ಟಿ) ಕಡೆ ಕಣ್ಣು ಹಾಯಿಸಿಲ್ಲ. ರ್‍ಯಾವೇಜರ್ (ಮಂತ್ರ ಹಾಕುವ ಪಾತ್ರ) ಹೊಡೆದರೆ ಗೇಜ್ ಬೇಗ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಕಮ್ಯಾಂಡೋ (ನೇರ ಏಟಿನ ಪಾತ್ರ) ಹೊಡೆದರೆ ಏರಿಕೆ ಕಡಿಮೆ, ಆದರೆ ಇಳಿಯುವ ವೇಗ ನಿಧಾನವಾಗುತ್ತದೆ. ಮೂವರನ್ನೂ ರ್‍ಯಾವೇಜರ್ ಮಾಡಿ 'ಸ್ಟ್ಯಾಗರ್ ಆಗುತ್ತಲೇ ಇಲ್ಲ' ಎಂದು ಗೋಳಾಡುವುದು ಈ ಆಟದ ಅತಿ ಸಾಮಾನ್ಯ ತಪ್ಪು. ಮೊದಲು ಒಬ್ಬ ಕಮ್ಯಾಂಡೋ, ಇಬ್ಬರು ರ್‍ಯಾವೇಜರ್. ಗೇಜ್ ನಿಂತ ಮೇಲೆ ಬೇಕಾದರೆ ಮೂರೂ ರ್‍ಯಾವೇಜರ್. ಪ್ಯಾರಡೈಮ್ (ಮೂವರ ಪಾತ್ರಗಳ ಜೋಡಣೆ) ಪಟ್ಟಿಯ ಆರು ಜಾಗದಲ್ಲಿ ಒಂದೇ ಜೋಡಣೆಯನ್ನು ಎರಡು ಸಲ ಇಟ್ಟುಕೊಳ್ಳಿ. ಸುಮಾರು 12 ಸೆಕೆಂಡಿಗೊಮ್ಮೆ ಪ್ಯಾರಡೈಮ್ ಬದಲಿಸಿದರೆ ಎಟಿಬಿ (ಸರದಿಗೆ ಕಾಯಿಸುವ ಅಳತೆಪಟ್ಟಿ) ಪೂರ್ತಿ ತುಂಬಿ ಬರುತ್ತದೆ, ಅದೇ ಜೋಡಣೆಗೆ ಬದಲಿಸಿದರೂ ಸರಿ. ಎದುರಾಳಿ ದೊಡ್ಡ ಏಟಿಗೆ ಕೈ ಎತ್ತಿದಾಗ ಮೂವರನ್ನೂ ಸೆಂಟಿನೆಲ್ (ರಕ್ಷಣೆಯ ಪಾತ್ರ) ಮಾಡಿ. ತಂಡದ ನಾಯಕ ಬಿದ್ದರೆ ಉಳಿದಿಬ್ಬರು ಗಟ್ಟಿಯಾಗಿದ್ದರೂ ಆಟ ಮುಗಿದಂತೆಯೇ, ಇದು ಮಾತ್ರ ಅನ್ಯಾಯದ ನಿಯಮ.

ಆಯುಧ ಬಲಪಡಿಸುವಾಗ ಸಿಕ್ಕಿದ್ದೆಲ್ಲ ಸುರಿಯಬೇಡಿ. ಮೊದಲು ಮೂಳೆಯಂಥ ಅಗ್ಗದ ಜೈವಿಕ ವಸ್ತುಗಳನ್ನು ಹಾಕಿ ಗುಣಕವನ್ನು ಮೂರು ಪಟ್ಟಿಗೆ ತನ್ನಿ (ಸ್ಟರ್ಡಿ ಬೋನ್ ಆದರೆ 36 ಇಟ್ಟುಕೊಳ್ಳಿ), ಆಮೇಲೆ ಯಂತ್ರದ ಬಿಡಿಭಾಗಗಳನ್ನು ಒಂದೇ ಸಲಕ್ಕೆ ಹಾಕಿ. ಯಂತ್ರಭಾಗ ಹಾಕಿದೊಡನೆ ಗುಣಕ ಕುಸಿಯುವುದರಿಂದ ಚೂರುಚೂರು ಹಾಕಿದರೆ ನಷ್ಟ.

10ರಲ್ಲಿ ಗಗಾಜೆಟ್ ಬೆಟ್ಟದ ಬಾಸ್ ಸೀಮೋರ್‌ನನ್ನು ದಾಟಲಾಗುತ್ತಿಲ್ಲ.

ಅವನು ಈಟಿಯಿಂದ ನಿಮ್ಮವರನ್ನು ಜಾಂಬಿ ಮಾಡಿ ಮುಂದಿನ ಸರದಿಯಲ್ಲಿ ಜೀವ ತುಂಬುವ ಮಂತ್ರ ಫುಲ್-ಲೈಫ್ ಹಾಕುತ್ತಾನೆ. ಜಾಂಬಿಗೆ ಫುಲ್-ಲೈಫ್ ಎಂದರೆ ಸಾವು. ಜಾಂಬಿಯಾದ ತಕ್ಷಣ ಹೋಲಿ ವಾಟರ್ ಹಾಕಿ, ಬೆಟ್ಟ ಹತ್ತುವ ಮುಂಚೆ ಹತ್ತಿಪ್ಪತ್ತು ಕೊಂಡಿರಿ. ಬಲಗಡೆಯ ಸರದಿ ಪಟ್ಟಿ ನೋಡಿದರೆ ನಿಮಗೆ ಎಷ್ಟು ಅವಕಾಶವಿದೆ ಎಂದು ತಿಳಿಯುತ್ತದೆ. ಮುಂದೆ ಬಾಸ್ ಯುನಲೆಸ್ಕಾಳ ಮೂರನೇ ರೂಪದಲ್ಲಿ ಲೆಕ್ಕ ಉಲ್ಟಾ: ಸಾವಿನ ಏಟಾದ ಮೆಗಾ ಡೆತ್ ಬಂದಾಗ ಉಳಿಯುವುದು ಜಾಂಬಿಗಳೇ, ಆದ್ದರಿಂದ ಒಬ್ಬಿಬ್ಬರನ್ನು ಗುಣಪಡಿಸದೆ ಬಿಡಿ. ಒಂದೇ ಕಾಯಿಲೆಯನ್ನು ಮೊದಲು ಶತ್ರುವಾಗಿಯೂ ಆಮೇಲೆ ಮದ್ದಾಗಿಯೂ ತೋರಿಸುವ ಈ ಕುಶಲತೆಗೇ 10ಕ್ಕೆ ನಮ್ಮ ಎರಡನೇ ಸ್ಥಾನ. ಪಿಎಸ್2 ಆವೃತ್ತಿಯಲ್ಲಿ ಈ ಬಾಸ್‌ಗಳ ಮುಂಚಿನ ಉದ್ದುದ್ದ ದೃಶ್ಯಗಳನ್ನು ಸೋತಾಗಲೆಲ್ಲ ಮತ್ತೆ ನೋಡಬೇಕಿತ್ತು, ಅದಕ್ಕೆ ಕ್ಷಮೆಯಿಲ್ಲ.

14 ಕೆಟ್ಟದ್ದು ಅನ್ನುತ್ತೀರಿ. ನನ್ನ ಗೆಳೆಯರೆಲ್ಲ ಅದನ್ನೇ ಆಡುತ್ತಾರಲ್ಲ?

ಅವರು ಆಡುತ್ತಿರುವುದು 2013ರ ಆಗಸ್ಟ್‌ನಲ್ಲಿ ಬಂದ 'ಎ ರೆಲ್ಮ್ ರಿಬಾರ್ನ್' ಮತ್ತು ಅದರ ಮುಂದುವರಿಕೆ. ನಾವು ಬೈಯುತ್ತಿರುವುದು 2010ರ ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾಗಿ 2012ರ ನವೆಂಬರ್ 11ಕ್ಕೆ ಬಾಗಿಲು ಹಾಕಿದ ಮೊದಲ ರೂಪವನ್ನು.

ಅದರ ಒಂದು ನಿಯಮ ಕೇಳಿ. ವಾರದಲ್ಲಿ ಒಂದು ವೃತ್ತಿಯಲ್ಲಿ ಎಂಟು ಗಂಟೆಯಷ್ಟು ಆಡುವವರೆಗೆ ಪೂರ್ತಿ ಎಕ್ಸ್‌ಪಿ. ಅಲ್ಲಿಂದ ಇಳಿಯುತ್ತಾ ಹೋಗಿ ಹದಿನೈದಕ್ಕೆ ಸೊನ್ನೆ. ತಿಂಗಳ ಚಂದಾ ಕಟ್ಟಿಸಿಕೊಳ್ಳಲು ಹೊರಟ ಆಟ, ಹೆಚ್ಚು ಆಡಿದವನಿಗೆ ದಂಡ ಹಾಕುತ್ತಿತ್ತು! ವಸ್ತು ಕೊಳ್ಳಬೇಕಾದರೆ ಹುಡುಕುವ ಸೌಲಭ್ಯವಿರಲಿಲ್ಲ. ಮಾರುಕಟ್ಟೆಯಲ್ಲಿ ಸಾಲಾಗಿ ನಿಂತ ಆಳುಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಅವರ ಚೀಲ ನೋಡಬೇಕಿತ್ತು. ಮೆನು ತೆರೆದರೂ ಸರ್ವರ್ ಉತ್ತರಕ್ಕೆ ಕಾಯಬೇಕಿತ್ತು. ಒಂದೇ ಗುಡ್ಡ, ಒಂದೇ ತಿರುವು ನಕ್ಷೆಯ ತುಂಬ ಮತ್ತೆ ಮತ್ತೆ. ಚಿತ್ರದ ಅಂದಕ್ಕೆ ಮಾತ್ರ ಲಂಗುಲಗಾಮಿಲ್ಲ. ಒಂದು ಹೂಕುಂಡಕ್ಕೆ ಆಟಗಾರನ ಪಾತ್ರಕ್ಕೆ ಇರುವಷ್ಟೇ, ಸುಮಾರು 1000 ಪಾಲಿಗನ್ (ಚಿತ್ರ ಕಟ್ಟುವ ಚಪ್ಪಟೆ ತುಣುಕು) ಸುರಿದಿದ್ದರೆಂದು ಆಮೇಲೆ ಹೊಣೆ ಹೊತ್ತ ನವೋಕಿ ಯೋಶಿಡಾ ಅವರೇ ವಿವರಿಸಿದ್ದಾರೆ. ಅಂಥ ಕುಂಡಗಳ ನಡುವೆ ಇಪ್ಪತ್ತು ಜನ ಸೇರಿದರೆ ಕಂಪ್ಯೂಟರ್ ಏದುಸಿರು ಬಿಡದೆ ಇನ್ನೇನು ಮಾಡೀತು?

ಯೋಶಿಡಾ 2010ರ ಡಿಸೆಂಬರ್‌ನಲ್ಲಿ ಬಂದರು. ಹಳೆಯದಕ್ಕೆ ತೇಪೆ ಹಾಕುತ್ತಲೇ ಹೊಸ ಎಂಜಿನ್ ಮೇಲೆ ಹೊಸ ಆಟ ಕಟ್ಟಿಸಿದರು. ಹಳೆಯ ಲೋಕದ ಮೇಲೆ ಚಂದ್ರ ಡಲಾಮಡ್ ಬಿದ್ದು ಡ್ರ್ಯಾಗನ್ ಬಹಮುತ್ ಎದ್ದು ಬಂದದ್ದನ್ನೇ ಕಥೆಯಾಗಿ ಮಾಡಿ ಸರ್ವರ್ ನಿಲ್ಲಿಸಿದರು. ಈಗ ಸೇರುವವರು ಮೊದಲು ಉಚಿತ ಟ್ರಯಲ್ ಹಿಡಿಯಿರಿ. 2023ರಿಂದ ಅದರಲ್ಲಿ 'ಸ್ಟಾರ್ಮ್‌ಬ್ಲಡ್' ವಿಸ್ತರಣೆಯವರೆಗಿನ ಕಥೆ, 70ನೇ ಲೆವೆಲ್ ತನಕ, ದಿನಗಳ ಮಿತಿಯಿಲ್ಲದೆ ಇದೆ. ಮಾರುಕಟ್ಟೆ ಫಲಕ ಬಳಸುವಂತಿಲ್ಲ, ಆಟದ ಹಣವಾದ ಗಿಲ್ 3,00,000 ದಾಟುವಂತಿಲ್ಲ. ಒಮ್ಮೆ ಆಟ ಕೊಂಡ ಖಾತೆ ಮತ್ತೆ ಟ್ರಯಲ್‌ಗೆ ಮರಳುವುದಿಲ್ಲ, ಅದಕ್ಕೇ ಅವಸರದಲ್ಲಿ ಕೊಳ್ಳಬೇಡಿ.

12ರಲ್ಲಿ ತಂಡದವರು ಸಾಯುತ್ತಿದ್ದರೂ ಯಾರೂ ಕ್ಯೂರ್ (ಗುಣಪಡಿಸುವ ಮಂತ್ರ) ಹಾಕುವುದಿಲ್ಲ. ಗ್ಯಾಂಬಿಟ್ ಎಲ್ಲ ಆನ್ ಇದೆ.

ಸಾಲುಗಳ ಕ್ರಮ ತಪ್ಪಿದೆ. ಗ್ಯಾಂಬಿಟ್ ಎಂದರೆ ತಂಡದವರಿಗೆ ನೀವು ಬರೆದಿಡುವ ಆಜ್ಞೆಗಳ ಪಟ್ಟಿ. ಆಟ ಅದನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋಗಿ, ಷರತ್ತು ನಿಜವಾಗಿರುವ ಮೊದಲ ಸಾಲನ್ನೇ ಮಾಡುತ್ತದೆ. 'ಶತ್ರು: ಹೊಡೆ' ಮೊದಲಿದ್ದರೆ ಶತ್ರು ಕಣ್ಣೆದುರು ಇರುವಷ್ಟು ಹೊತ್ತೂ ಕೆಳಗಿನದು ಓದಿಸಿಕೊಳ್ಳುವುದಿಲ್ಲ. ಮೊದಲ ಸಾಲು ಸತ್ತು ಬಿದ್ದವರಿಗೆ ಜೀವ ಕೊಡುವ ಫೀನಿಕ್ಸ್ ಡೌನ್, ಎರಡನೆಯದು ಎಚ್‌ಪಿ ಶೇ. 50ಕ್ಕಿಂತ ಕಡಿಮೆ ಇದ್ದವರಿಗೆ ಕ್ಯೂರ್, ಹೊಡೆತ ಕೊನೆಗೆ, ಅದೂ ನಾಯಕನ ಗುರಿಯನ್ನೇ. ಶೇ. 90 ಎಂದು ಇಟ್ಟರೆ ಗೀರು ಬಿದ್ದರೂ ಮದ್ದು ಹಾಕಿ ಎಂಪಿ (ಮಂತ್ರಬಲದ ಅಂಕ) ಬರಿದಾಗುತ್ತದೆ. 2006ರ ಮೂಲ ಆವೃತ್ತಿ ಆಡುವವರು ಜೋಡಿಯಾಕ್ ಸ್ಪಿಯರ್ ಎಂಬ ಈಟಿಗಾಗಿ ನಾಲ್ಕು ಪೆಟ್ಟಿಗೆಗಳನ್ನು ಮುಟ್ಟಬಾರದಿತ್ತು, ಆಟ ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. 2017ರ 'ಜೋಡಿಯಾಕ್ ಏಜ್'ನಲ್ಲಿ ಆ ಕಾಟವಿಲ್ಲ.

15, 16?

15 ಎಂದರೆ 2006ರಲ್ಲಿ ಬೇರೆ ಹೆಸರಲ್ಲಿ ಘೋಷಣೆಯಾಗಿ 2016ರಲ್ಲಿ ಬಂದ ಆಟ, ಹೊಲಿಗೆ ಕಾಣುತ್ತದೆ. 13ನೇ ಅಧ್ಯಾಯವನ್ನು ಬಿಡುಗಡೆಯ ಮೇಲೆ ತಿದ್ದಬೇಕಾಯಿತು. ಎಕ್ಸ್‌ಪಿ ಮಲಗಿದಾಗ ಮಾತ್ರ ಜಮೆಯಾಗುವುದರಿಂದ ಕೂಡಿಹಾಕಿ ಗಾಲ್ಡಿನ್ ಕೇ ಹೋಟೆಲಿನಲ್ಲಿ ಮಲಗಿದರೆ ಎರಡು ಪಟ್ಟು, ಅಲ್ಟಿಸಿಯಾದ 30,000 ಗಿಲ್ ಕೋಣೆಯಲ್ಲಿ ಮೂರು ಪಟ್ಟು. 16 ಒಳ್ಳೆಯ ಆ್ಯಕ್ಷನ್ ಆಟ. ಆದರೆ ಬೆಂಕಿಯ ಶತ್ರುವಿಗೆ ಬೆಂಕಿ ಹಾಕಿದರೂ ಅಷ್ಟೇ, ಮಂಜು ಹಾಕಿದರೂ ಅಷ್ಟೇ ಎಂದಾದಾಗ ಆರಿಸುವುದಕ್ಕೆ ಉಳಿದದ್ದೇನು?

ಒಂದನ್ನೂ ಆಡಿಲ್ಲ. ಎಲ್ಲಿಂದ ಶುರು ಮಾಡಲಿ?

ಕಥೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಹಾಗಾಗಿ ಕ್ರಮ ಬೇಕಿಲ್ಲ. ದನಿ, ಮುಖಭಾವ ಎಲ್ಲ ಬೇಕೆಂದರೆ 10ರ ಎಚ್‌ಡಿ ಆವೃತ್ತಿ. ಹಳೆಯ ಚುಕ್ಕಿಚಿತ್ರ ಇಷ್ಟವಾದರೆ 6ರ ಪಿಕ್ಸೆಲ್ ರೀಮಾಸ್ಟರ್. 2023ರಲ್ಲಿ ಕನ್ಸೋಲ್‌ಗೆ ಬಂದ ಈ ಆವೃತ್ತಿಗಳಲ್ಲಿ ಎಕ್ಸ್‌ಪಿಯನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು, ದಾರಿಯ ಯುದ್ಧಗಳನ್ನು ಆಫ್ ಮಾಡಬಹುದು. ನಾಲ್ಕು ಪಟ್ಟು ಮೊದಲ ಸಲ ಬೇಡ, ಬಾಸ್‌ಗಳೆಲ್ಲ ಹತ್ತಿಯಾಗುತ್ತಾರೆ. ದಾರಿ ತಪ್ಪಿ ಗುಹೆಯಲ್ಲಿ ಸುತ್ತುತ್ತಿರುವಾಗ ಯುದ್ಧ ಆಫ್ ಮಾಡುವುದು ತಪ್ಪಲ್ಲ. ಹೊರಬಂದ ಮೇಲೆ ಮತ್ತೆ ಆನ್ ಮಾಡಿ. ಮರೆತು ಮೂರು ಊರು ದಾಟಿ ಬಾಸ್ ಎದುರು ನಿಂತರೆ, ಮೊದಲ ಏಟಿಗೇ ನೆನಪಾಗುತ್ತದೆ.